ವೃತ್ತಿಪರನೂ ಹವ್ಯಾಸಿಯೂ: ಗೆರೆ ಎಲ್ಲಿದೆ?



ವೃತ್ತಿಪರನಿಗೂ ಹವ್ಯಾಸಿಗೂ ಇರುವ ಅಂತರವೇನೆಂದು ಕೇಳಿದರೆ, ಒಬ್ಬನು ಹಣಕ್ಕಾಗಿ ದುಡಿಯುತ್ತಾನೆ, ಇನ್ನೊಬ್ಬನು ಸಂತೋಷಕ್ಕಾಗಿ ಎಂಬ ಉತ್ತರ ಥಟ್ಟನೆ ಬರುತ್ತದೆ. ನಮ್ಮ ನಾಡಿನ ರಂಗಭೂಮಿಯ ಚರಿತ್ರೆಯನ್ನು ನೋಡಿದರೆ ಈ ಉತ್ತರ ಸಾಲದೆನಿಸುತ್ತದೆ.

1884ರಲ್ಲಿ ಆರಂಭವಾದ ಗುಬ್ಬಿ ಚನ್ನಬಸವೇಶ್ವರ ನಾಟಕ ಕಂಪನಿಯು ವೃತ್ತಿ ರಂಗಭೂಮಿಗೆ ಮಾದರಿ. ವೀರಣ್ಣನವರ ಕಾಲದಲ್ಲಿ ಅದು ‘ಕುರುಕ್ಷೇತ್ರ’ ನಾಟಕಕ್ಕೆ ಆನೆ, ಕುದುರೆಗಳನ್ನೇ ರಂಗದ ಮೇಲೆ ತಂದಿತು. ಟಿಕೆಟ್ಟಿನ ಹಣದಿಂದಲೇ ಅನ್ನ ಕಾಣಬೇಕಾದವರು ಅವರು. ನಟನ ಮನಸ್ಸು ಹೇಗೇ ಇರಲಿ, ಗೊತ್ತಾದ ವೇಳೆಗೆ ಪರದೆ ಏಳಲೇಬೇಕಿತ್ತು. ಇತ್ತ ಲಂಡನ್ನಿನಲ್ಲಿ ಭೂವಿಜ್ಞಾನ ಓದಿ ಬಂದ ಟಿ. ಪಿ. ಕೈಲಾಸಂ ಅವರು ಹವ್ಯಾಸಿ ರಂಗಕ್ಕೆ ಮನೆಮಾತನ್ನು ತಂದು ಕನ್ನಡ ನಾಟಕದ ದಿಕ್ಕನ್ನೇ ಬದಲಿಸಿದರು. ಹೆಗ್ಗೋಡಿನ ನೀನಾಸಂ 1949ರಲ್ಲಿ ಹಳ್ಳಿಯ ಹವ್ಯಾಸಿಗಳ ಕೂಟವಾಗಿ ಹುಟ್ಟಿ, 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನೂ 1985ರಲ್ಲಿ ‘ತಿರುಗಾಟ’ವನ್ನೂ ಕಟ್ಟಿತು. ಪ್ರತಿಭೆಯಾಗಲಿ ಪ್ರೀತಿಯಾಗಲಿ ಯಾವ ಒಂದು ಪಕ್ಷದ ಸೊತ್ತೂ ಅಲ್ಲವೆಂಬುದು ಇದರಿಂದ ಸ್ಪಷ್ಟ.

ಹಾಗಾದರೆ ಅಂತರವೆಲ್ಲಿ? ನಮ್ಮ ವೈದ್ಯವೃತ್ತಿಯಿಂದ ಎರಡು ಸಂಗತಿಗಳನ್ನು ನಿಮ್ಮ ಮುಂದಿಡುತ್ತೇವೆ.

ಮೊದಲನೆಯದು, ತನ್ನ ನೆನಪಿನ ಮೇಲೆ ತನಗೇ ಇರುವ ಅಪನಂಬಿಕೆ. ವಿಶ್ವ ಆರೋಗ್ಯ ಸಂಸ್ಥೆಯು 2008ರಲ್ಲಿ ಶಸ್ತ್ರಚಿಕಿತ್ಸೆಗಾಗಿ ಒಂದು ಪುಟದ ಪರಿಶೀಲನಾ ಪಟ್ಟಿಯನ್ನು ಹೊರತಂದಿತು. ರೋಗಿಯ ಹೆಸರೇನು, ಕೊಯ್ಯಬೇಕಾದ ಜಾಗ ಯಾವುದು, ಆಂಟಿಬಯಾಟಿಕ್ ಕೊಟ್ಟಾಯಿತೇ, ಬಳಸಿದ ಬಟ್ಟೆಗಳ ಲೆಕ್ಕ ಸರಿಯಿದೆಯೇ ಎಂಬಂಥ ಪ್ರಶ್ನೆಗಳಷ್ಟೇ ಅದರಲ್ಲಿವೆ. ಯಾವ ಶಸ್ತ್ರವೈದ್ಯನಿಗೂ ತಿಳಿಯದ್ದಲ್ಲ. ದೆಹಲಿಯೂ ಸೇರಿದಂತೆ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಅದನ್ನು ಬಳಸಿ ನೋಡಿದಾಗ, 2009ರಲ್ಲಿ ಪ್ರಕಟವಾದ ವರದಿಯಂತೆ, ಮರಣಪ್ರಮಾಣ ಶೇ. 1.5ರಿಂದ 0.8ಕ್ಕೂ, ತೊಡಕುಗಳು ಶೇ. 11ರಿಂದ 7ಕ್ಕೂ ಇಳಿದವು. ಹೊಸ ವಿದ್ಯೆಯೇನೂ ಸೇರಲಿಲ್ಲ; ಗೊತ್ತಿದ್ದುದನ್ನು ಪ್ರತಿ ಸಲವೂ ತಪ್ಪದೆ ಮಾಡಿದರು, ಅಷ್ಟೆ. ನಿಮ್ಮಲ್ಲಿ ಅನೇಕರು ಎಂಜಿನಿಯರುಗಳು. 1974ರಲ್ಲಿ ಇದೇ ವೆಸ್ಟೆರಾಸಿನಲ್ಲಿ ಅಸೆಯಾ ಸಂಸ್ಥೆಯು ಕೈಗಾರಿಕಾ ರೋಬೋಟನ್ನು ತಂದಾಗ ಅದರ ಹಿರಿಮೆಯೂ ಇದೇ ಆಗಿತ್ತು: ಸಾವಿರನೆಯ ಸಲವೂ ಮೊದಲ ಸಲದಂತೆಯೇ.

ಎರಡನೆಯದು ಹೊಣೆ. ಸ್ವೀಡನ್ನಿನಲ್ಲಿ ವೈದ್ಯನು ಕಂಡದ್ದನ್ನೂ ಮಾಡಿದ್ದನ್ನೂ ದಾಖಲಿಸಲೇಬೇಕೆಂದು ಕಾನೂನಿದೆ. ಆ ದಾಖಲೆಯನ್ನು ಕನಿಷ್ಠ 10 ವರ್ಷ ಕಾಪಾಡಬೇಕು. ನಾಳೆ ಇನ್ನೊಬ್ಬ ವೈದ್ಯನು ಅದನ್ನು ಓದಿ ನಮ್ಮ ತಪ್ಪನ್ನು ಹಿಡಿಯಬಲ್ಲನು. ಗಂಭೀರ ಲೋಪವಾದರೆ ಪರವಾನಗಿಯೇ ಹೋಗಬಹುದು.

ಈ ಮಾತನ್ನು ನಾವು ಕಷ್ಟಪಟ್ಟು ಕಲಿತೆವು. ಕೆಲವು ವರ್ಷಗಳ ಹಿಂದೆ ಯುಗಾದಿಯ ಕೂಟವೊಂದರಲ್ಲಿ ಮಿತ್ರರೊಬ್ಬರು ತಮ್ಮ ಮಗನ ಹೊಟ್ಟೆನೋವಿನ ಬಗ್ಗೆ ಕೇಳಿದರು. ತಟ್ಟೆ ಕೈಯಲ್ಲಿ ಹಿಡಿದಂತೆಯೇ, “ಹೋಳಿಗೆ ಜಾಸ್ತಿಯಾಗಿರಬೇಕು” ಎಂದು ನಕ್ಕೆವು. ಹೊಕ್ಕುಳ ಸುತ್ತ ಹುಟ್ಟಿದ ನೋವು ಬಲಗಡೆ ಕೆಳಕ್ಕೆ ಸರಿದಿದೆಯೇ ಎಂದು ಕೇಳಲಿಲ್ಲ, ಹೊಟ್ಟೆಯನ್ನು ಮುಟ್ಟಿ ನೋಡಲಿಲ್ಲ, ಜ್ವರ ಅಳೆಯಲಿಲ್ಲ. ಮರುದಿನ ಅಪೆಂಡಿಕ್ಸ್ ಒಡೆದು ತುರ್ತು ಶಸ್ತ್ರಚಿಕಿತ್ಸೆಯಾಯಿತು. ಹುಡುಗ ಗುಣವಾದ, ಅವನ ತಾಯಿ ನಮ್ಮನ್ನು ಒಂದು ಮಾತೂ ಆಡಲಿಲ್ಲ. ಎಂ.ಬಿ.ಬಿ.ಎಸ್., ಪರದೇಶದ ತರಬೇತಿ, ಮೂರು ದಶಕಗಳ ಅನುಭವ ಎಲ್ಲವೂ ಇದ್ದ ನಾವು ಆ ಸಂಜೆ ಕೇವಲ ಹವ್ಯಾಸಿಗಳಾಗಿದ್ದೆವು. ಹೊರರೋಗಿ ವಿಭಾಗದಲ್ಲಿ ಅಪರಿಚಿತರ ಮಗುವಾಗಿದ್ದರೆ ಹಾಗೆ ಮಾಡುತ್ತಿರಲಿಲ್ಲ. ಸ್ನೇಹದ ಸಲಿಗೆಯೇ ಕ್ರಮವನ್ನು ಮರೆಸಿತ್ತು.

ಆದುದರಿಂದ ಒಂದು ಬಿನ್ನಹ. ಔತಣದಲ್ಲಿ ವೈದ್ಯಮಿತ್ರರನ್ನು ಕೇಳಿದಾಗ ಅವರು ತಟ್ಟೆಯನ್ನು ಕೆಳಗಿಟ್ಟು, ಪಕ್ಕದ ಕೋಣೆಯಲ್ಲಿ ಮಗುವನ್ನು ಸರಿಯಾಗಿ ಪರೀಕ್ಷಿಸಲಿ. ಇಲ್ಲವೆ “ನಾನು ನೋಡಿಲ್ಲ, ಹೇಳಲಾರೆ” ಎನ್ನಲಿ. ಹಾಗೆಂದರೆ ದಯವಿಟ್ಟು ಬೇಸರಪಡಬೇಡಿ. ಅದು ಅಸಡ್ಡೆಯ ಮಾತಲ್ಲ. 1177ಕ್ಕೆ ಕರೆಮಾಡಿದರೆ ಹಗಲಿರುಳೂ ದಾದಿಯರು ಸಲಹೆ ಕೊಡುತ್ತಾರೆ, ಪ್ರಾಣಾಪಾಯವಿದ್ದರೆ 112. ಊರಿನಿಂದ ತಂದು ಉಳಿದ ಆಂಟಿಬಯಾಟಿಕ್ ಮಾತ್ರೆಗಳನ್ನು ನೆರೆಯ ಮಗುವಿಗೆ ಕೊಡುವ ಪ್ರೀತಿಯನ್ನೂ ನಿಲ್ಲಿಸೋಣ.

ನಾಟಕ, ಸಂಗೀತ, ಅಡುಗೆಗಳಲ್ಲಿ ಹವ್ಯಾಸಿಗಳಾಗಿರುವುದು ಭಾಗ್ಯವೇ ಸರಿ. ನಮ್ಮ ಸಂಘವು ನಡೆಯುತ್ತಿರುವುದೂ ಅಂಥವರಿಂದಲೇ. ತಪ್ಪಿನ ಬೆಲೆಯನ್ನು ಇನ್ನೊಬ್ಬರ ದೇಹವು ತೆರಬೇಕಾದ ಕಡೆ ಮಾತ್ರ ಕ್ರಮವನ್ನು ಬಿಡುವುದು ಬೇಡ.