ಉಜನಿಯ ಚಿಲಾಪಿ: ತಿಂದು ತೀರದ ಮೀನು

ಪುಣೆಯಿಂದ ಸೊಲ್ಲಾಪುರ ಹೆದ್ದಾರಿ ಹಿಡಿದು ಕಲಬುರಗಿ, ವಿಜಯಪುರದ ಕಡೆ ಹೋಗಿಬರುವ ನಮ್ಮವರಿಗೆ ಭಿಗ್ವಣ ಹೊಸ ಹೆಸರಲ್ಲ. ಪುಣೆ ಬಿಟ್ಟು ಸುಮಾರು 100 ಕಿಲೋಮೀಟರ್ ದಾಟಿದರೆ ರಸ್ತೆಯ ಎರಡೂ ಕಡೆ ಮೀನೂಟದ ಬೋರ್ಡುಗಳು ಶುರುವಾಗುತ್ತವೆ. ಪಕ್ಕದಲ್ಲೇ ಉಜನಿ ಅಣೆಕಟ್ಟೆಯ ಹಿನ್ನೀರು. ಚಳಿಗಾಲದಲ್ಲಿ ಫ್ಲೆಮಿಂಗೊ ನೋಡಲು ಬಂದವರೂ, ಊರಿಗೆ ಹೊರಟವರೂ ಅಲ್ಲಿ ಇಳಿದು ಊಟ ಮುಗಿಸಿಯೇ ಮುಂದೆ ಹೋಗುವುದು. ಮರಳ, ವಾಮ್, ಕಟ್ಲಾ, ರೋಹು, ಚಿಲಾಪಿ ಎಂದು ಮಾಣಿ ಒಂದೇ ಉಸಿರಿಗೆ ಹೇಳುತ್ತಾನೆ. ಇವುಗಳಲ್ಲಿ ಅಗ್ಗದ್ದು ಚಿಲಾಪಿ. ಹತ್ತು ಹನ್ನೆರಡು ವರ್ಷಗಳಿಂದ ಈ ದಾರಿಯಲ್ಲಿ ಓಡಾಡುವ ನಾನು ತಿಂದದ್ದೂ ಹೆಚ್ಚಾಗಿ ಅದನ್ನೇ.

ಚಿಲಾಪಿ ಎಂದರೆ ತಿಲಾಪಿಯಾ. ಮರಾಠಿಯ ಬಾಯಿಗೆ ಬಂದು ಹಾಗಾಗಿದೆ. ಬೆಂಗಳೂರು, ಮೈಸೂರಿನ ಕಡೆ ಇದೇ ಜಿಲೇಬಿ ಮೀನು. ಚೆನ್ನೈಯಲ್ಲಿರುವ ನಮ್ಮವರೂ ಮಾರುಕಟ್ಟೆಯಲ್ಲಿ ಜಿಲೇಬಿ ಎಂದೇ ಕೇಳುತ್ತಾರೆ. ಹೆಸರು ಇಷ್ಟು ಮನೆಯದಾದರೂ ಮೀನು ಮಾತ್ರ ಆಗ್ನೇಯ ಆಫ್ರಿಕಾದ್ದು. ಮೊಜಾಂಬಿಕ್ ತಿಲಾಪಿಯಾ 1952ರಲ್ಲಿ ಬ್ಯಾಂಕಾಕ್‌ನಿಂದ ತಮಿಳುನಾಡಿನ ಮಂಡಪಂಗೆ ಬಂತು. ಬಡವರಿಗೆ ಅಗ್ಗದ ಪ್ರೋಟೀನು ಸಿಗಲಿ ಎಂಬ ಒಳ್ಳೆಯ ಉದ್ದೇಶದಿಂದಲೇ ತಂದರು. ಏಳೇ ವರ್ಷಕ್ಕೆ ಅಧಿಕಾರಿಗಳಿಗೆ ದಿಗಿಲಾಗಿ, 1959ರಲ್ಲಿ ದೇಶದ ಮೀನುಗಾರಿಕೆ ಸಂಶೋಧನಾ ಸಮಿತಿ ಇದನ್ನು ಇನ್ನು ಹರಡಬಾರದೆಂದು ನಿಷೇಧ ಹಾಕಿತು. ಅಷ್ಟರಲ್ಲಿ ಮೀನು ಕೈ ಮೀರಿತ್ತು. ಇವತ್ತು ಜಗತ್ತಿನ ಅತಿ ಕೆಟ್ಟ 100 ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಇದೂ ಒಂದು.

ಬಾಯಲ್ಲಿ ಮರಿ ಸಾಕುವ ತಾಯಿ

ಇದು ಇಷ್ಟು ಹಬ್ಬಿದ್ದು ಹೇಗೆ ಎಂಬುದನ್ನು ನಾನು ಕಣ್ಣಾರೆ ಕಂಡದ್ದು ಹಿನ್ನೀರಿನ ದಂಡೆಯಲ್ಲಿ. ಹೋದ ಬೇಸಿಗೆಯಲ್ಲಿ ಅಫಜಲಪುರ ಕಡೆಯಿಂದ ಬಂದಿದ್ದ ನನ್ನ ತಮ್ಮನ ಮಗನನ್ನು ಕರೆದುಕೊಂಡು, ಪರವಾನಗಿ ಇದ್ದ ಮೀನುಗಾರನೊಬ್ಬನ ದೋಣಿಯಲ್ಲಿ ಹೋಗಿದ್ದೆ. ಚಳಿಗಾಲದಲ್ಲಿ ಆತ ಹಕ್ಕಿ ತೋರಿಸುತ್ತಾನೆ, ಉಳಿದ ದಿನ ಬಲೆ ಹಾಕುತ್ತಾನೆ. ನೀರು ಇಳಿದಿದ್ದ ಕಡೆ ಕೆಸರಿನಲ್ಲಿ ಊಟದ ತಟ್ಟೆಯಷ್ಟಗಲದ ಗುಂಡನೆಯ ತಗ್ಗುಗಳು ಸಾಲಾಗಿದ್ದವು.

“ಇವೇನು ದಾದಾ, ಎಮ್ಮೆ ಕಾಲಿಟ್ಟ ಗುರುತೇ?” ಎಂದು ಕೇಳಿದೆ.

“ಅಲ್ಲ ಸಾಹೇಬ್, ಚಿಲಾಪಿಯ ಮನೆ. ಗಂಡು ತೋಡಿದ್ದು” ಎಂದ.

ಗಂಡು ಮೀನು ತಗ್ಗು ತೋಡಿ ಕಾಯುತ್ತದೆ. ಆ ದಿನಗಳಲ್ಲಿ ಅದರ ಮೈ ಕಪ್ಪಾಗಿ, ಗಂಟಲ ಕೆಳಗೆ ಬಿಳಿಯಾಗಿ, ರೆಕ್ಕೆಯ ಅಂಚು ಕೆಂಪಾಗಿ ಕಾಣುತ್ತದೆ. ಹೆಣ್ಣು ಬಂದು ಮೊಟ್ಟೆ ಇಟ್ಟು, ಅವನ್ನು ತನ್ನ ಬಾಯೊಳಗೇ ತುಂಬಿಕೊಂಡು ಹೋಗುತ್ತದೆ. ಮೊಟ್ಟೆ ಒಡೆದ ಮೇಲೂ ಅಪಾಯ ಕಂಡರೆ ಮರಿಗಳು ಓಡಿಬಂದು ತಾಯಿಯ ಬಾಯಿ ಸೇರುತ್ತವೆ. ಕಟ್ಲಾ, ರೋಹು ಲಕ್ಷಗಟ್ಟಲೆ ಮೊಟ್ಟೆ ಇಟ್ಟು ಹೋಗಿಬಿಡುತ್ತವೆ. ಅವಕ್ಕೆ ಮಳೆಗಾಲದ ಹರಿವ ನೀರೂ ಬೇಕು. ಚಿಲಾಪಿಗೆ ಅದೇನೂ ಬೇಡ. ನಿಂತ ನೀರಿನಲ್ಲಿ, ಬೆಚ್ಚಗಿದ್ದರೆ ವರ್ಷಕ್ಕೆ ಹಲವು ಸಲ ಮರಿ ಮಾಡುತ್ತದೆ. ಎರಡು ಮೂರು ತಿಂಗಳಿಗೇ ಬಸಿರಾಗುವಷ್ಟು ಬೆಳೆಯುತ್ತದೆ.

ಇನ್ನು ನೀರು ಕೆಟ್ಟಷ್ಟೂ ಇದಕ್ಕೇ ಅನುಕೂಲ. ಪುಣೆ, ಪಿಂಪ್ರಿ-ಚಿಂಚವಾಡದ ಕೊಳಚೆ ಮುಳಾ-ಮುಠಾ ಸೇರಿ, ಅಲ್ಲಿಂದ ಭೀಮೆಗೆ ಬಂದು, ಉಜನಿಯಲ್ಲಿ ನಿಲ್ಲುತ್ತದೆ. ಬೇಸಿಗೆಯಲ್ಲಿ ನೀರು ಹಸಿರು ಬಣ್ಣ ತೊಟ್ಟಂತೆ ಕಾಣುತ್ತದೆ. ಆಮ್ಲಜನಕ ಕಡಿಮೆಯಾದರೆ ಬೇರೆ ಮೀನು ಸಾಯುತ್ತವೆ, ಚಿಲಾಪಿ ಮೇಲೆ ಬಂದು ಬಾಯಿ ತೆರೆದು ಬದುಕಿಕೊಳ್ಳುತ್ತದೆ; ಆ ಹಸಿರು ಪಾಚಿಯನ್ನೇ ತಿನ್ನುತ್ತದೆ. ಪುಣೆಯಲ್ಲಿ ಮನೆ ಮಾಡಿಕೊಂಡಿರುವ ನಾವೆಲ್ಲ ದಿನಾ ಬೆಳಿಗ್ಗೆ ಇದರ ಮೇವಿಗೆ ಒಂದಿಷ್ಟು ಸೇರಿಸುತ್ತೇವೆ ಎಂದರೆ ತಪ್ಪಾಗದು.

ಗಾಳಕ್ಕೆ ಬಿದ್ದದ್ದು

ಬಲೆಯ ಕೆಲಸ ಆತನದು. ನಾವಿಬ್ಬರೂ ಗಾಳ ಹಾಕಿ ಕುಳಿತೆವು. ಚಿಲಾಪಿಯ ಬಾಯಿ ಸಣ್ಣದು, ದೊಡ್ಡ ಕೊಕ್ಕೆ ಹಾಕಿದರೆ ಎರೆ ಮಾತ್ರ ಹೋಗುತ್ತದೆ. ಸಣ್ಣ ಕೊಕ್ಕೆಗೆ ಎರೆಹುಳು, ಇಲ್ಲವೇ ಕಣಕದ ಗೋಲಿ ಸಾಕು. ಬೆಂಡು ಒಮ್ಮೆಲೇ ಮುಳುಗುವುದಿಲ್ಲ, ಸುಮ್ಮನೆ ನಡುಗುತ್ತದೆ, ಆಗಲೇ ಎಳೆಯಬೇಕು. ಎರಡು ತಾಸಿನಲ್ಲಿ ಹದಿನಾಲ್ಕು ಸಿಕ್ಕವು. ಹತ್ತು ಅಂಗೈಗಿಂತ ಚಿಕ್ಕವು. ಮೀನು ಬಿಡಿಸುವಾಗ ಬೆನ್ನಿನ ಮುಳ್ಳು ಹುಡುಗನ ಹೆಬ್ಬೆರಳಿಗೆ ಚುಚ್ಚಿತು.

“ಕಾಕಾ, ಇದು ನಮ್ಮ ಹೊಳ್ಯಾಗೂ ಸಿಗ್ತದ. ನಾ ಇದು ನಮ್ಮ ಕಡೀ ಮೀನಾ ಅಂತನ ತಿಳ್ಕೊಂಡಿದ್ದೆ” ಅಂದ ಅವನು.

ಅವನು ಹುಟ್ಟುವ ಮೊದಲೇ ಆ ಮೀನು ಅಲ್ಲಿತ್ತು, ಹಾಗಾಗಿ ಅವನ ಮಟ್ಟಿಗೆ ಅದು ಊರಿನದೇ. ಉಜನಿಯ ಗೇಟು ತೆರೆದರೆ ನೀರು ಕಲಬುರಗಿ, ವಿಜಯಪುರ ಜಿಲ್ಲೆಗಳನ್ನು ಹಾದು ರಾಯಚೂರಿನ ಕಡೆ ಕೃಷ್ಣೆಯನ್ನು ಸೇರುತ್ತದೆ. ಮೀನಿಗೆ ರಾಜ್ಯದ ಗಡಿ ಗೊತ್ತಿಲ್ಲ. ನಾವು ನಮ್ಮದೇ ಎಂದು ತಿಳಿದಿರುವ ಕಟ್ಲಾ, ರೋಹುಗಳೂ ಮೂಲದಲ್ಲಿ ಉತ್ತರದ ಹೊಳೆಗಳವು, ದಕ್ಷಿಣಕ್ಕೆ ತಂದು ಬಿಟ್ಟವು. ಹೊರಗಿಂದ ಬಂದದ್ದೆಂಬ ಒಂದೇ ಕಾರಣಕ್ಕೆ ಚಿಲಾಪಿಯನ್ನು ದೂರುವುದರಲ್ಲಿ ಅರ್ಥವಿಲ್ಲ. ಅದು ಬೇರೆ ಮೀನಿನ ಮೊಟ್ಟೆ ಮರಿ ತಿನ್ನುತ್ತದೆ, ಮೇವು ಕಸಿಯುತ್ತದೆ, ಮರಿ ಮಾಡುವ ಜಾಗ ಹಿಡಿಯುತ್ತದೆ. ದೂರು ಇದು.

ತಿಂದರೆ ಕಡಿಮೆಯಾಗುತ್ತದೆಯೇ?

“ಆಕ್ರಮಣಕಾರಿ ಮೀನೇ? ಹಿಡಿದು ತಿಂದುಬಿಡಿ” ಎನ್ನುವ ಮಾತು ಕೇಳಲು ಚೆನ್ನಾಗಿದೆ. ನಾನೂ ದೋಣಿಯಲ್ಲಿ ಅದನ್ನೇ ಹೇಳಿದೆ. ಮೀನುಗಾರ ನಕ್ಕ.

“ಸಾಹೇಬ್, ನಾವು ದಿನಾ ಹಿಡಿಯುತ್ತೇವೆ, ನೀವು ದಿನಾ ತಿನ್ನುತ್ತೀರಿ. ಮುಗಿಯಿತೇ? ಮುಗಿದರೆ ನನ್ನ ಮನೆ ಹೇಗೆ ನಡೆಯಬೇಕು?”

ಅವನ ಎರಡೂ ಪ್ರಶ್ನೆಗಳಿಗೆ ಉತ್ತರ ಕಷ್ಟ. ಮೊದಲನೆಯದನ್ನು ನೋಡಿ. ದೊಡ್ಡ ಕಣ್ಣಿನ ಬಲೆ ದೊಡ್ಡ ಮೀನನ್ನಷ್ಟೇ ಹಿಡಿಯುತ್ತದೆ. ಉಳಿದ ಚಿಕ್ಕವು ಆಗಲೇ ಮರಿ ಮಾಡುವ ವಯಸ್ಸಿನವು. ಇಕ್ಕಟ್ಟಾದಷ್ಟೂ ಚಿಲಾಪಿ ಬೆಳೆಯದೆ, ಗಿಡ್ಡದಾಗಿಯೇ ಇದ್ದು ಬೇಗ ಮರಿ ಹಾಕುತ್ತದೆ. ಹಾಗಾದರೆ ಚಿಕ್ಕವನ್ನೂ ಹಿಡಿಯೋಣವೆಂದು ಸೊಳ್ಳೆ ಪರದೆಯಂಥ ಬಲೆ ಎಳೆದರೆ, ಅದರಲ್ಲಿ ಮರಳ, ವಾಮ್, ಕಟ್ಲಾದ ಮರಿಗಳೂ ಸಾಯುತ್ತವೆ. ಚಿಲಾಪಿ ಎರಡು ತಿಂಗಳಲ್ಲಿ ಮತ್ತೆ ತುಂಬಿಕೊಳ್ಳುತ್ತದೆ, ಅವು ತುಂಬಿಕೊಳ್ಳುವುದಿಲ್ಲ. ಮರಳ ಚಿಲಾಪಿ ಮರಿಯನ್ನು ತಿನ್ನುವ ಮೀನು. ಅದರ ಮರಿಯನ್ನೇ ಕೊಂದರೆ ಕಾವಲುಗಾರನನ್ನು ಮನೆಗೆ ಕಳಿಸಿದಂತೆ.

ಎರಡನೆಯ ಪ್ರಶ್ನೆ ಇನ್ನೂ ಗಟ್ಟಿ. 1980ರಲ್ಲಿ ಮುಗಿದ ಈ ಅಣೆಕಟ್ಟೆಗೆ ಎಷ್ಟೋ ಹಳ್ಳಿಗಳು ಮುಳುಗಿವೆ. ನೀರು ತಳ ಕಂಡ ವರ್ಷ ಪಳಸದೇವದ ಹಳೆಯ ಗುಡಿ ಈಗಲೂ ಮೇಲೆದ್ದು ಕಾಣುತ್ತದೆ. ಹೊಲ ಇದ್ದ ಜಾಗದಲ್ಲಿ ಈಗ ಬಲೆ ಬೀಳುತ್ತದೆ, ಆ ಬಲೆಗೆ ದಿನವೂ ತಪ್ಪದೆ ಬೀಳುವುದು ಚಿಲಾಪಿ. ಮಾರುಕಟ್ಟೆ ಸಿಕ್ಕ ಮೇಲೆ ಆಕ್ರಮಣಕಾರಿ ಮೀನು ಬೆಳೆಯೇ ಆಗಿಬಿಡುತ್ತದೆ. ಬೆಳೆ ನಾಶವಾಗಲಿ ಎಂದು ಯಾರು ಬಯಸುತ್ತಾರೆ? ಅಕ್ವೇರಿಯಂನಿಂದ ತಪ್ಪಿಸಿಕೊಂಡು ನಮ್ಮ ಕೆರೆ ಹೊಳೆ ಸೇರಿರುವ ಸಕ್ಕರ್ ಮೀನಿನ ಕಥೆ ಬೇರೆ. ಮೈಯೆಲ್ಲ ಎಲುಬಿನ ಕವಚ, ಬಲೆ ಹರಿಯುತ್ತದೆ, ಕೊಳ್ಳುವವರಿಲ್ಲ. ಅದರ ಮುಂದೆ ಚಿಲಾಪಿ ದೇವರು ಎಂದ ನಮ್ಮ ಮೀನುಗಾರ.

ಅಡುಗೆಮನೆಯಲ್ಲಿ

ಹಾಗಾದರೆ ತಿನ್ನಬೇಕೋ ಬೇಡವೋ? ನಾನು ತಿನ್ನುತ್ತೇನೆ, ಕೆಲವು ಲೆಕ್ಕ ಇಟ್ಟುಕೊಂಡು. ಪಾಚಿ ತಿನ್ನುವ ಮೀನಾದ್ದರಿಂದ, ಬೇರೆ ಮೀನು ತಿಂದು ಬೆಳೆಯುವ ದೊಡ್ಡ ಮೀನುಗಳಷ್ಟು ಪಾದರಸ ಇದರಲ್ಲಿ ಸೇರುವುದಿಲ್ಲ. ಆದರೆ ಕೊಳಚೆ ನೀರಿನ ಲೋಹದ ಅಂಶಗಳು ಪಿತ್ತಜನಕಾಂಗ, ಕರುಳು, ಕಿವಿರುಗಳಲ್ಲಿ ಹೆಚ್ಚು ಕೂಡುತ್ತವೆ. ಕುದಿಸಿದರೆ ಅವು ಹೋಗುವುದಿಲ್ಲ. ಅದಕ್ಕೇ ತಲೆಯ ಸಾರಿನ ಆಸೆ ಬಿಟ್ಟು, ಒಳಗಿನದ್ದೆಲ್ಲ ತೆಗೆಸಿ, ತಿಂಗಳಿಗೆ ಒಂದೆರಡು ಸಲಕ್ಕೆ ನಿಲ್ಲಿಸಿದ್ದೇನೆ. ಮಕ್ಕಳಿಗೂ ಬಸುರಿಯರಿಗೂ ಹಿನ್ನೀರಿನ ಮೀನು ಕೊಡುವುದಿಲ್ಲ.

ಮಣ್ಣಿನ ವಾಸನೆಯ ದೂರು ಎಲ್ಲರದೂ. ಅದು ಪಾಚಿಯಿಂದ ಬರುವುದು. ಹೊಟ್ಟೆಯ ಒಳಗೆ ಅಂಟಿರುವ ಕಪ್ಪು ಪೊರೆಯನ್ನು ಉಪ್ಪು ಹಾಕಿ ಉಜ್ಜಿ ತೆಗೆಯಬೇಕು. ಆಮೇಲೆ ಅರಿಶಿನ, ಉಪ್ಪು, ಹುಣಸೆಹುಳಿ ಸವರಿ ಅರ್ಧ ತಾಸು ಇಟ್ಟು ತೊಳೆದರೆ ವಾಸನೆ ಬಹುಮಟ್ಟಿಗೆ ಹೋಗುತ್ತದೆ. ಮೈಮೇಲೆ ಓರೆಯಾಗಿ ಗೀರು ಹಾಕಿ, ಬೆಳ್ಳುಳ್ಳಿ, ಕೆಂಪು ಖಾರ, ಜೀರಿಗೆ, ಲಿಂಬೆರಸ ಹಚ್ಚಿ, ಜೋಳದ ಹಿಟ್ಟಿನಲ್ಲಿ ಹೊರಳಿಸಿ ಹಂಚಿನ ಮೇಲೆ ಕಡಿಮೆ ಎಣ್ಣೆಯಲ್ಲಿ ಬೇಯಿಸುವುದು ನಮ್ಮ ಮನೆಯ ಪದ್ಧತಿ. ಬಿಸಿ ರೊಟ್ಟಿ, ಹಸಿ ಉಳ್ಳಾಗಡ್ಡಿ ಜೊತೆಗಿದ್ದರೆ ಮಾತೇ ಬೇಡ. ಮುಳ್ಳು ಕಡಿಮೆ, ಇರುವವೂ ದಪ್ಪ, ಸುಲಭವಾಗಿ ಬರುತ್ತವೆ.

ಕೊಳ್ಳುವಾಗ ಕೇಳಬಹುದಾದದ್ದು ಎರಡು ಮೂರು ಮಾತು. ಬೆರಳುದ್ದದ ಮಿಶ್ರ ಮೀನಿನ ರಾಶಿ ಕಂಡರೆ ಅಗ್ಗವೆಂದು ಕೊಳ್ಳಬೇಡಿ, ಅದು ಸಣ್ಣ ಕಣ್ಣಿನ ಬಲೆಯದು. ಮಳೆಗಾಲದ ಶುರುವಿನಲ್ಲಿ ಮೊಟ್ಟೆ ತುಂಬಿದ ಕಟ್ಲಾ, ಮರಳ ಬೇಡವೆನ್ನಿ. ಆ ದಿನಗಳಲ್ಲಿ ಅಂಗೈಗಿಂತ ದೊಡ್ಡ ಚಿಲಾಪಿಯನ್ನೇ ಕೇಳಿ. ಮನೆಯ ಅಕ್ವೇರಿಯಂ ಮೀನನ್ನು ಪುಣ್ಯವೆಂದು ಕೆರೆಗೆ ಬಿಡುವವರಿಗೆ ಹೇಳಿ.

ಇನ್ನೊಂದು ಸಂಗತಿ. ತನ್ನ ತವರಾದ ಆಫ್ರಿಕಾದಲ್ಲಿ ಈ ಮೊಜಾಂಬಿಕ್ ತಿಲಾಪಿಯಾವೇ ಈಗ ಅಪಾಯದಲ್ಲಿದೆ. ಅಲ್ಲಿಗೆ ತಂದು ಬಿಟ್ಟ ನೈಲ್ ತಿಲಾಪಿಯಾದೊಂದಿಗೆ ಬೆರೆತು ಅದರ ಶುದ್ಧ ತಳಿ ಕರಗುತ್ತಿದೆ. ನಾವು ಉಜನಿಯಲ್ಲಿ ಇದನ್ನು ತಿಂದು ಮುಗಿಸಲಾರೆವು, ಭೀಮೆಯಿಂದ ಹೊರಗೆ ಹಾಕಲಾರೆವು. ಪುಣೆಯ ಕೊಳಚೆ ಶುದ್ಧವಾಗಿ ಹೊಳೆಗೆ ಬಂದರೆ ಮಾತ್ರ ಬೇರೆ ಮೀನುಗಳಿಗೂ ಅಲ್ಲಿ ಜಾಗ ಸಿಕ್ಕೀತು. ನೀರಿನ ತೆರಿಗೆ ಕಟ್ಟುವ ಪುಣೆಯ ಕನ್ನಡಿಗರು ಈ ಮಾತನ್ನು ತಮ್ಮ ವಾರ್ಡಿನ ನಗರಸೇವಕನ ಮುಂದೆ ಎತ್ತಬೇಕು. ಅದೇ ನೀರನ್ನು ಕೆಳಗೆ ಕುಡಿಯುವವರು ನಮ್ಮ ಊರಿನವರು.