ಧಾರವಾಡ: ಅಗಲವಾದ ದಾರಿಯ ಬದಿಯಲ್ಲಿ

ಪಡುವಣದಲ್ಲಿ ಮಲೆನಾಡಿನ ಸೆರಗನ್ನೂ ಮೂಡಣದಲ್ಲಿ ಎರೆನೆಲದ ಬಯಲನ್ನೂ ಸೋಂಕಿ ನಿಂತಿರುವ ಧಾರವಾಡವು, ವ್ಯಾಪಾರದ ಗದ್ದಲವನ್ನೆಲ್ಲ ನೆರೆಯ ಹುಬ್ಬಳ್ಳಿಗೆ ಒಪ್ಪಿಸಿ, ವಿದ್ಯೆ, ಸಂಗೀತ, ಸಲ್ಲಾಪಗಳನ್ನು ತನಗಾಗಿ ಉಳಿಸಿಕೊಂಡ ಊರು. 1890ರಲ್ಲಿ ರಾ. ಹ. ದೇಶಪಾಂಡೆಯವರು ಕರ್ನಾಟಕ ವಿದ್ಯಾವರ್ಧಕ ಸಂಘವನ್ನು ಕಟ್ಟಿದರು, 1917ರಲ್ಲಿ ಕರ್ನಾಟಕ ಕಾಲೇಜು ಬಂದಿತು, ಅನಂತರ ವಿಶ್ವವಿದ್ಯಾಲಯ. ಸುಭಾಸ ರಸ್ತೆಯಲ್ಲಿ ಜಿ. ಬಿ. ಜೋಶಿಯವರ ಮನೋಹರ ಗ್ರಂಥಮಾಲೆಯ ಅಟ್ಟವನ್ನೇರಿದವರಿಗೆ ಹೊತ್ತು ಹೋದುದೇ ತಿಳಿಯುತ್ತಿರಲಿಲ್ಲ. ಗಿರೀಶ ಕಾರ್ನಾಡರ ‘ಯಯಾತಿ’ಯನ್ನು 1961ರಲ್ಲಿ ಲೋಕಕ್ಕಿತ್ತದ್ದು ಆ ಗ್ರಂಥಮಾಲೆಯೇ.

ಇವೆಲ್ಲಕ್ಕೂ ಆಧಾರವಾಗಿದ್ದುದು, ನನ್ನ ದೃಢವಾದ ನಂಬಿಕೆಯಂತೆ, ನಡಿಗೆ ಮತ್ತು ನೆರಳು. ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಹೆಂಚುಗಳು ಕಪ್ಪೇರಿ, ಏರು ಓಣಿಗಳಿಂದ ಕೆಂಪು ನೀರು ಹರಿದಿಳಿಯುತ್ತಿರಲು, ಒಂದೇ ಕೊಡೆಯಡಿ ಇಬ್ಬರು ಸಾಧನಕೇರಿಯ ಕಡೆಗೆ ಹೊರಟರೆಂದರೆ, ಅವರ ಮಾತು ಕೆರೆಯ ಏರಿಯನ್ನು ಮುಟ್ಟುವುದರೊಳಗೆ ಬಸವಣ್ಣನಿಂದ ಬೇಂದ್ರೆಯವರವರೆಗೆ ಸಾಗಿ, ಮಲ್ಲಿಕಾರ್ಜುನ ಮನಸೂರರ ಯಾವುದೋ ಅಪೂರ್ವ ರಾಗದಲ್ಲಿ ತಂಗುತ್ತಿದ್ದಿತು. ಎದುರು ಬಂದವರು ‘ಎತ್ತ ಹೊಂಟೀರಿ?’ ಎಂದು ಕೇಳಿ, ಉತ್ತರಕ್ಕೆ ಕಾಯದೆ ತಾವೂ ಜತೆಗೂಡುತ್ತಿದ್ದರು.

1962ರಲ್ಲಿ ಅವಳಿ ನಗರಗಳನ್ನು ಒಂದೇ ಮಹಾನಗರಪಾಲಿಕೆಗೆ ಸೇರಿಸಿದರೂ, ನಡುವಣ ಹಾದಿ ಬಹುಕಾಲ ಹೊಲತೋಟಗಳ ಹಾದಿಯಾಗಿಯೇ ಉಳಿದಿದ್ದಿತು. ನವಲೂರಿನ ಬಳಿ ಪೇರಲ ಹಣ್ಣಿನ ಬುಟ್ಟಿಗಳನ್ನಿಟ್ಟುಕೊಂಡು ಹೆಂಗಸರು ಕುಳಿತಿರುತ್ತಿದ್ದರು. ಹಣ್ಣನ್ನು ಸೀಳಿ, ಉಪ್ಪು ಖಾರ ಸವರಿ ಕೈಗಿತ್ತರೆ, ಬಸ್ಸಿನ ತುಂಬ ಅದರ ಪರಿಮಳ. ಇಂದು ಅದೇ ಹಾದಿಯಲ್ಲಿ ಸುಮಾರು 22 ಕಿಲೋಮೀಟರ್ ಉದ್ದಕ್ಕೂ ‘ಚಿಗರಿ’ ಬಸ್ಸುಗಳು ತಮಗಾಗಿಯೇ ಮೀಸಲಾದ ಪಥದಲ್ಲಿ ಓಡುತ್ತವೆ. 2018ರಲ್ಲಿ ಪ್ರಾಯೋಗಿಕವಾಗಿ ಆರಂಭವಾದ ಈ ಸಂಚಾರದಿಂದ ವಿದ್ಯಾರ್ಥಿಗಳಿಗೂ ಆಸ್ಪತ್ರೆಗೆ ಹೋಗುವವರಿಗೂ ಆದ ಉಪಕಾರವನ್ನು ಅಲ್ಲಗಳೆಯುವುದು ಅನ್ಯಾಯ. ಆದರೆ ರಸ್ತೆಯನ್ನು ಅಗಲಿಸುವಾಗ ಉರುಳಿದ ಮರಗಳ ಸಾಲು, ಬಡಾವಣೆಗಳಾಗಿ ಮಾರ್ಪಟ್ಟ ಪೇರಲ ತೋಟಗಳು, ಇವುಗಳ ಲೆಕ್ಕವೂ ಅದೇ ಪುಸ್ತಕದಲ್ಲಿ ಬರೆಯಲ್ಪಡಬೇಕು. ಬೇಸಗೆಯ ಮಧ್ಯಾಹ್ನ ಟೋಲ್ ನಾಕಾದಿಂದ ಜ್ಯುಬಿಲಿ ವೃತ್ತದವರೆಗೆ ನಡೆಯುವ ವೃದ್ಧರಿಗೆ ಅದರ ಅರ್ಥವು ಮೈಗೇ ತಿಳಿಯುತ್ತದೆ.

2008ರಲ್ಲಿ ಉಚ್ಚ ನ್ಯಾಯಾಲಯದ ಪೀಠ ಬಂದಿತು, 2016ರಲ್ಲಿ ಐಐಟಿ. ಊರಿಗೆ ಹೊಸ ಜನ ಬಂದರು. ಬರಲಿ, ಧಾರವಾಡವು ಎಂದೂ ಪರವೂರಿನವರಿಂದಲೇ ಶ್ರೀಮಂತವಾದ ಊರು. ಗದಗ ಸೀಮೆಯ ಹುಡುಗರೂ ಕಾರವಾರದ ಹುಡುಗರೂ ಇಲ್ಲಿ ಕೋಣೆ ಹಿಡಿದು ಓದಿ, ಹಿಂದಿರುಗಲಾರದೆ ಇಲ್ಲಿಯವರೇ ಆದರು. ವಿದ್ಯಾವರ್ಧಕ ಸಂಘದಲ್ಲಿ ಸಂಜೆಯ ಉಪನ್ಯಾಸಗಳು ಇಂದಿಗೂ ನಡೆಯುತ್ತವೆ. ಸಭೆ ಮುಗಿದ ಮೇಲೆ ಮಾತನ್ನು ಮುಂದುವರಿಸುತ್ತ ಮನೆಯವರೆಗೆ ನಡೆದುಹೋಗಲು ಒಂದು ಮರದ ಸಾಲು ಬೇಕು, ಒಡೆಯದ ಕಾಲುದಾರಿ ಬೇಕು. ನವಲೂರಿನಲ್ಲಿ ಅಳಿದುಳಿದ ತೋಟಗಳನ್ನಾದರೂ ನಿವೇಶನಗಳಾಗಗೊಡದೆ ಕಾಯಬೇಕು. ಪಾಲಿಕೆಯ ಮುಂದೆ ನಾವು ಇಡಬೇಕಾದ ಬೇಡಿಕೆ ಇಷ್ಟು, ಮತ್ತು ಇದನ್ನು ಈ ಮಳೆಗಾಲದಲ್ಲಿಯೇ ಇಡಬೇಕು.