ಹದ ಮತ್ತು ಅಂಕಿ: ಆಲೆಮನೆಯಿಂದ ಅನಲಾಗ್ ಇನ್‌ಪುಟ್ ಮಾಡ್ಯೂಲಿನವರೆಗೆ

ಮಂಡ್ಯ ಸೀಮೆಯ ಆಲೆಮನೆಯಲ್ಲಿ ಪಾಕ ಇಳಿಸುವ ಗಳಿಗೆಯನ್ನು ನಿರ್ಧರಿಸುವುದು ಹದ ಬಲ್ಲವನ ಹೊಣೆ. ಕೊಪ್ಪರಿಗೆಯ ನೊರೆಯ ಬಣ್ಣ, ಗುಳ್ಳೆಯೊಡೆಯುವ ಸದ್ದು, ಏಳುವ ಕಂಪು ಇವುಗಳನ್ನು ಗಮನಿಸಿ, ಕೊನೆಗೆ ತುಸು ಪಾಕವನ್ನು ತಣ್ಣೀರಿಗೆ ಬಿಟ್ಟು ಬೆರಳುಗಳ ನಡುವೆ ಉಂಡೆ ಕಟ್ಟಿ ನೋಡುತ್ತಾನೆ. ಉಂಡೆ ನಿಂತರೆ ಹದ ಬಂದಂತೆ. ಅಚ್ಚುಬೆಲ್ಲಕ್ಕೆ ಬೇಕಾದ ಈ ಹದವು ಉಷ್ಣಮಾಪಕದ ಲೆಕ್ಕದಲ್ಲಿ ಸುಮಾರು 116ರಿಂದ 118 ಡಿಗ್ರಿ ಸೆಲ್ಸಿಯಸ್. ದ್ರವರೂಪದ ಜೋನಿಬೆಲ್ಲಕ್ಕೆ 105-106 ಡಿಗ್ರಿ ಸಾಕು. ಒಂದೆರಡು ಡಿಗ್ರಿ ತಪ್ಪಿದರೆ ಬೆಲ್ಲ ಅಚ್ಚಿನಲ್ಲಿ ನಿಲ್ಲದು, ಇಲ್ಲವೇ ಸೀಯುತ್ತದೆ. ಒಂದು ಕೊಪ್ಪರಿಗೆಯ ದುಡಿಮೆ ಆ ಬೆರಳುಗಳ ಮೇಲೆ ನಿಂತಿರುತ್ತದೆ.

ಮಂಡ್ಯದಲ್ಲಿ 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಸಕ್ಕರೆ ಉದ್ಯಮದಲ್ಲಿ ನಿರ್ವಾತ ಪಾತ್ರೆಯ ಬಳಿ ನಿಲ್ಲುವ ‘ಪ್ಯಾನ್‌ಮನ್’ ಕೂಡ ಬೆರಳುಗಳ ನಡುವೆ ಪಾಕದ ಎಳೆ ತೆಗೆದೇ ಹದ ಅರಿಯುತ್ತಿದ್ದ. ಇಂದಿನ ಸ್ವಯಂಚಾಲಿತ ಕಾರ್ಖಾನೆಗಳಲ್ಲಿ ಈ ಅರಿವಿನ ಒಂದು ಭಾಗವನ್ನು ಅನಲಾಗ್ ಇನ್‌ಪುಟ್ ಮಾಡ್ಯೂಲು ಎಂಬ ಪುಟ್ಟ ಪೆಟ್ಟಿಗೆಗೆ ವಹಿಸಲಾಗಿದೆ.

ಅದರ ಕಾರ್ಯವಿಧಾನ ಹೀಗಿದೆ. ಪ್ಲಾಟಿನಂ ತಂತಿಯ ವಿದ್ಯುತ್ ರೋಧವು ಸೊನ್ನೆ ಡಿಗ್ರಿಯಲ್ಲಿ 100 ಓಮ್ ಇದ್ದರೆ, 117 ಡಿಗ್ರಿಯಲ್ಲಿ ಸುಮಾರು 145 ಓಮ್ ಆಗುತ್ತದೆ. ಟ್ರಾನ್ಸ್‌ಮಿಟರ್ ಇದನ್ನು 4ರಿಂದ 20 ಮಿಲಿಆಂಪಿಯರ್ ವಿದ್ಯುತ್ ಪ್ರವಾಹವಾಗಿ ಮಾರ್ಪಡಿಸಿ ಕಳುಹಿಸುತ್ತದೆ. ಅಳತೆಯ ವ್ಯಾಪ್ತಿ 0ಯಿಂದ 150 ಡಿಗ್ರಿ ಎಂದಿಟ್ಟುಕೊಂಡರೆ 117 ಡಿಗ್ರಿಗೆ 16.48 ಮಿಲಿಆಂಪಿಯರ್. ಮಾಡ್ಯೂಲಿನೊಳಗೆ 250 ಓಮ್ ರೋಧಕದ ಮೂಲಕ ಹರಿದಾಗ ಅದು 4.12 ವೋಲ್ಟ್ ಆಗುತ್ತದೆ. ಮಾಡ್ಯೂಲು ಈ ವೋಲ್ಟನ್ನು ಅಂಕಿಯಾಗಿಸಿ ನಿಯಂತ್ರಕಕ್ಕೆ ಒಪ್ಪಿಸುತ್ತದೆ. ಹನ್ನೆರಡು ಬಿಟ್‌ಗಳ ಮಾಡ್ಯೂಲು ತನ್ನ ವ್ಯಾಪ್ತಿಯನ್ನು 4096 ಮೆಟ್ಟಿಲುಗಳಾಗಿ ಸೀಳಬಲ್ಲದು.

ಇಲ್ಲಿ ಒಂದು ಸ್ವಾರಸ್ಯವಿದೆ. ಅಳತೆ ಸೊನ್ನೆಯಿದ್ದಾಗಲೂ ತಂತಿಯಲ್ಲಿ 4 ಮಿಲಿಆಂಪಿಯರ್ ಹರಿಯುತ್ತಲೇ ಇರುತ್ತದೆ. ತಂತಿ ತುಂಡಾದರೆ ಮಾತ್ರ ಪ್ರವಾಹ ಸೊನ್ನೆಗೆ ಇಳಿಯುತ್ತದೆ. ‘ಬಿಸಿ ಇಲ್ಲ’ ಎಂಬುದಕ್ಕೂ ‘ಸುದ್ದಿಯೇ ಇಲ್ಲ’ ಎಂಬುದಕ್ಕೂ ಇರುವ ವ್ಯತ್ಯಾಸವನ್ನು ಯಂತ್ರಕ್ಕೆ ಕಲಿಸಿದ ಈ ಉಪಾಯ ಯಾವ ಜನಪದ ಜಾಣ್ಮೆಗೂ ಕಡಿಮೆಯದಲ್ಲ.

ಆದರೆ ಒಂದು ಕಾಲುವೆಯಲ್ಲಿ ಹರಿಯುವುದು ಒಂದೇ ಗುಣದ ಸುದ್ದಿ. ಉಷ್ಣತೆಗೆ ಒಂದು, ನಿರ್ವಾತಕ್ಕೆ ಒಂದು, ಪಾಕದ ವಿದ್ಯುತ್ ವಾಹಕತೆಗೆ ಮತ್ತೊಂದು ಕಾಲುವೆ ಬೇಕು. ಚೌಳು ಮಣ್ಣಿನ ಕಬ್ಬು, ಬಲಿಯದ ಕಬ್ಬು, ಕಡಿದು ದಿನಗಟ್ಟಲೆ ಬಿದ್ದ ಕಬ್ಬು ಇವುಗಳ ರಸ ಅದೇ ಉಷ್ಣತೆಯಲ್ಲಿ ಅದೇ ಹದಕ್ಕೆ ಬಾರದು. ಹದ ಬಲ್ಲವನು ಇದೆಲ್ಲವನ್ನೂ ಒಟ್ಟಾಗಿ ಗ್ರಹಿಸಿ, ಬೆಂಕಿ ತಗ್ಗಿಸುವುದೋ ಸುಣ್ಣದ ಪ್ರಮಾಣ ಬದಲಿಸುವುದೋ ಎಂದು ನಿರ್ಣಯಿಸುತ್ತಾನೆ. ನಿಯಂತ್ರಕಕ್ಕೆ ‘ಇಷ್ಟಕ್ಕೆ ನಿಲ್ಲು’ ಎಂದು ಕೊಡುವ ಅಂಕಿಯ ಹಿಂದೆಯೂ ಇಂತಹ ಕೈಗಳ ಅನುಭವವಿದೆ. ಗಾಣದ ಹಾಡುಗಳನ್ನು ಬರೆದುಕೊಂಡಷ್ಟು ಆಸ್ಥೆಯಿಂದ ವಿದ್ವಾಂಸರು ಹದದ ಮಾತುಗಳನ್ನು ಬರೆದುಕೊಳ್ಳಲಿಲ್ಲವೆಂಬುದು ವಿಷಾದದ ಸಂಗತಿ; ಆ ಮಾತು ಬಲ್ಲ ಹಿರಿಯರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ.

ಗಣಕದ ಪರದೆ ಬಂದ ಮೇಲೂ ಪ್ಯಾನಿನ ಪಕ್ಕದಲ್ಲಿ ಮಾದರಿ ತೆಗೆಯುವ ಕಡ್ಡಿಯ ಕೆಲಸ ಮುಗಿದಿಲ್ಲ. ಪಾಕವನ್ನು ಗಾಜಿನ ತುಂಡಿನ ಮೇಲೆ ಹರಡಿ, ಬೆಳಕಿಗೆ ಹಿಡಿದು, ಹರಳು ಬಲಿತಿದೆಯೇ ಎಂದು ನೋಡುವವರು ಈಗಲೂ ಇದ್ದಾರೆ.